ಹಳೆಯ ಪ್ರಿಂಟರ್ ತಾನೇ ಹೇಳಿದ್ದು

ಹಾಲಿನ ಸಂಘದ ಕಾರ್ಯದರ್ಶಿ ಫೋನ್ ಮಾಡಿದಾಗ ಅವರ ದನಿಯಲ್ಲಿ ಗಾಬರಿಯಿತ್ತು. ಹಾಲು ಹಾಕಿದವರ ಕೈಸೇರಿದ ಚೀಟಿಗಳಲ್ಲಿ ಕೊಬ್ಬಿನ ಅಂಶ 4.2 ಎಂದಿರಬೇಕಾದಲ್ಲಿ 5/3 ಎಂದು ಅಚ್ಚಾಗಿತ್ತು. ಪದಗಳ ನಡುವಿನ ಖಾಲಿ ಜಾಗದಲ್ಲೆಲ್ಲ ಆಶ್ಚರ್ಯಸೂಚಕ ಚಿಹ್ನೆ. ಪ್ರಿಂಟರಿಗೆ ವಯಸ್ಸಾಯಿತು, ಹೊಸದು ತಂದುಬಿಡೋಣವೇ ಎಂದು ಕೇಳಿದರು. ನಾನು ಬಂದು ನೋಡುವವರೆಗೆ ತಾಳಿ ಎಂದೆ.

ಅದು ಎಪ್ಸನ್ ಎಲ್‌ಎಕ್ಸ್-800, ಒಂಬತ್ತು ಸೂಜಿಗಳ ಡಾಟ್ ಮ್ಯಾಟ್ರಿಕ್ಸ್, ಅಂದರೆ ಸೂಜಿಗಳು ರಿಬ್ಬನ್ನಿಗೆ ಬಡಿದು ಚುಕ್ಕಿಗಳಿಂದ ಅಕ್ಷರ ಮೂಡಿಸುವ ಯಂತ್ರ. ನಾನು ಮೊದಲು ಮಾಡಿದ್ದು ಕಂಪ್ಯೂಟರಿನಿಂದ ಬರುವ ಕೇಬಲ್ ಕಿತ್ತಿದ್ದು. ಆಮೇಲೆ ಅಗಲವಾದ ಕಾಗದ ಹಾಕಿದೆ. ಪ್ರಿಂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಾಗ ಸಾಲು ಪುಟದುದ್ದಗಲ ಓಡುತ್ತದೆ. ಕಾಗದ ಕಿರಿದಾಗಿದ್ದರೆ ಸೂಜಿಗಳು ಉರುಳೆಯ ರಬ್ಬರಿಗೇ ಬಡಿಯುತ್ತವೆ. ಲೈನ್ ಫೀಡ್ ಗುಂಡಿಯನ್ನು ಒತ್ತಿಹಿಡಿದು ಸ್ವಿಚ್ ಹಾಕಿದೆ. ಪ್ರಿಂಟರ್ ತನ್ನ ನೆನಪಿನಲ್ಲಿರುವ ಅಕ್ಷರಮಾಲೆಯನ್ನು ತಾನೇ ಮುದ್ರಿಸತೊಡಗಿತು, ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದಕ್ಷರ ಮುಂದೆ ಸರಿಯುತ್ತ.

ಈ ಹಾಳೆಯನ್ನು ಓದುವಾಗ ಅನೇಕರು ದೊಡ್ಡಕ್ಷರಗಳನ್ನಷ್ಟೇ ನೋಡಿ ಸಮಾಧಾನಪಡುತ್ತಾರೆ. ಅದು ಸಾಲದು. ದೊಡ್ಡಕ್ಷರಗಳು ಕೆಳಗಿನ ಸೂಜಿಗಳನ್ನು ಮುಟ್ಟುವುದೇ ಇಲ್ಲ. ಸಣ್ಣ ಜಿ, ಪಿ, ವೈ ಅಕ್ಷರಗಳ ಬಾಲವನ್ನೂ ಅಡಿಗೆರೆಯನ್ನೂ ನೋಡಬೇಕು. ಸೂಜಿಯೊಂದು ಸತ್ತಿದ್ದರೆ ಸಾಲಿನುದ್ದಕ್ಕೂ ಒಂದೇ ಎತ್ತರದಲ್ಲಿ ಕೂದಲೆಳೆಯ ಬಿಳಿಗೀರು ಕಾಣುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ರಿಬ್ಬನ್ ಸ್ವಲ್ಪ ಮಾಸಿತ್ತು, ಅಷ್ಟೇ. ಸೂಜಿ, ಮೋಟಾರು, ಅಕ್ಷರಗಳ ಸ್ಮೃತಿ ಎಲ್ಲವೂ ನೆಟ್ಟಗಿದ್ದವು. ಆದರೆ ಈ ಪರೀಕ್ಷೆಯಲ್ಲಿ ಹೊರಗಿನಿಂದ ಒಂದಕ್ಷರವೂ ಒಳಗೆ ಬರುವುದಿಲ್ಲ. ಹಾಗಾಗಿ ದೋಷ ಇದ್ದರೆ ಅಕ್ಷರಗಳು ಒಳಬರುವ ದಾರಿಯಲ್ಲಿರಬೇಕು.

ಕೇಬಲ್ ಮತ್ತೆ ಸಿಕ್ಕಿಸಿ, ಈ ಸಲ ಲೈನ್ ಫೀಡ್ ಮತ್ತು ಫಾರ್ಮ್ ಫೀಡ್ ಎರಡನ್ನೂ ಒತ್ತಿಹಿಡಿದು ಸ್ವಿಚ್ ಹಾಕಿದೆ. ಇದು ಹೆಕ್ಸ್ ಡಂಪ್. ಆಗ ಪ್ರಿಂಟರ್ ಯಾವ ಆಜ್ಞೆಯನ್ನೂ ಪಾಲಿಸುವುದಿಲ್ಲ. ತನಗೆ ತಲುಪಿದ ಪ್ರತಿಯೊಂದು ಬೈಟನ್ನೂ, ಅಂದರೆ ಒಂದೊಂದು ಅಕ್ಷರದ ಸಂಕೇತವನ್ನೂ, ಸಂಖ್ಯೆಯಾಗಿ ಬರೆದು ತೋರಿಸುತ್ತದೆ. ಹಳೆಯ ಯಂತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಸೌಲಭ್ಯ ಇದು. ಕಂಪ್ಯೂಟರಿನಿಂದ ಎ, ಬಿ, ಸಿ, ಡಿ ಎಂಬ ನಾಲ್ಕೇ ಅಕ್ಷರ ಕಳುಹಿಸಿದೆ. ಅರ್ಧ ತುಂಬಿದ ಸಾಲು ಒಳಗೇ ಉಳಿಯುವುದರಿಂದ ಆನ್‌ಲೈನ್ ಗುಂಡಿ ಒತ್ತಿ ಹೊರತೆಗೆದೆ. ಆ ದೊಡ್ಡಕ್ಷರಗಳ ಸಂಕೇತಸಂಖ್ಯೆಗಳಾದ 41 42 43 44 ಬರಬೇಕಿತ್ತು. ಬಂದದ್ದು 41 43 43 45.

ಸಮಸಂಖ್ಯೆಗಳೆಲ್ಲ ಒಂದು ಮುಂದಕ್ಕೆ ಹೋಗಿದ್ದವು, ಬೆಸಸಂಖ್ಯೆಗಳು ಇದ್ದಲ್ಲೇ ಇದ್ದವು. ಪ್ರತಿ ಸಂಕೇತವೂ ಎಂಟು ಬಿಟ್‌ಗಳಾಗಿ, ಅಂದರೆ ಸೊನ್ನೆ ಅಥವಾ ಒಂದುಗಳಾಗಿ, ಬೇರೆಬೇರೆ ತಂತಿಗಳಲ್ಲಿ ಬರುತ್ತದೆ; ಸಮ-ಬೆಸ ನಿರ್ಧರಿಸುವ ಕೊನೆಯ ಬಿಟ್ ಇಲ್ಲಿ ಯಾವಾಗಲೂ ಒಂದು. ಖಾಲಿ ಜಾಗದ 20 ಎಂಬುದು 21 ಆಗಿ ಆಶ್ಚರ್ಯಸೂಚಕವಾಗಿತ್ತು. ನಾಲ್ಕು ಐದಾಗಿ, ಚುಕ್ಕಿ ಓರೆಗೆರೆಯಾಗಿ, ಎರಡು ಮೂರಾಗಿತ್ತು. ಇಂಥ ಕೇಬಲ್‌ನಲ್ಲಿ ತಂತಿ ಕಡಿದರೆ ಆ ದಾರಿ ಹೆಚ್ಚಾಗಿ ಒಂದೆಂದೇ ಓದಿಕೊಳ್ಳುತ್ತದೆ. ಕೊನೆಯ ಬಿಟ್ ಹರಿಯುವುದು ಎರಡನೆಯ ಪಿನ್ನಿನಲ್ಲಿ. ತಂತಿ ಕಡಿಯದಿದ್ದರೆ ಸದ್ದು ಮಾಡುವಂತೆ ಮಲ್ಟಿಮೀಟರ್ ಹಿಡಿದೆ. ಮೂರರಿಂದ ಒಂಬತ್ತರವರೆಗಿನ ಪಿನ್ನುಗಳಿಗೆ ಸದ್ದು ಬಂತು, ಎರಡಕ್ಕೆ ಇಲ್ಲ. ಮೇಜಿನ ಡ್ರಾಯರು ದಿನಾ ಉಜ್ಜುತ್ತಿದ್ದ ಜಾಗದಲ್ಲಿ ಕೇಬಲನ್ನು ಬಗ್ಗಿಸಿದಾಗ ಒಮ್ಮೆ ಕೂಗಿ ಸುಮ್ಮನಾಯಿತು.

ನನ್ನ ಚೀಲದಲ್ಲಿದ್ದ ಇನ್ನೊಂದು ಕೇಬಲ್ ಹಾಕಿ, ಡ್ರಾಯರಿನಿಂದ ದೂರ ಎಳೆದು ಕಟ್ಟಿದೆ. ಅದೇ ನಾಲ್ಕು ಅಕ್ಷರ ಕಳುಹಿಸಿದಾಗ 41 42 43 44 ಬಂತು. ಕಂಪ್ಯೂಟರಿನೊಳಗಿನ ಲೆಕ್ಕ ಕೆಟ್ಟಿರಲಿಲ್ಲ, ಅಚ್ಚು ಮಾತ್ರ ಕೆಟ್ಟಿತ್ತು ಎಂದು ಕಾರ್ಯದರ್ಶಿಗೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಆ ಬೆಳಗಿನ ಚೀಟಿಗಳನ್ನೆಲ್ಲ ಮತ್ತೆ ಮುದ್ರಿಸಲು ಕುಳಿತರು. ಸಂಜೆ ಹಾಲು ತಂದವರು ಹಳೆಯ ಚೀಟಿ ಕೊಟ್ಟು ಹೊಸದನ್ನು ಒಯ್ದರು.