ಅಮೆರಿಕದಲ್ಲಿ ಬೇರೆ ರಾಜ್ಯದಿಂದ ಬಂದೂಕು ತರಿಸುವುದು ಹೇಗೆ?

ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ಶನಿವಾರ ಮಾತ್ರ ಡಲ್ಲಾಸ್ ಹತ್ತಿರದ ಒಂದು ಬಂದೂಕಿನ ಅಂಗಡಿಯ ಕೌಂಟರ್. ಇದು ನನ್ನ ದಿನಚರಿ. ಹೋದ ವರ್ಷ ಕನ್ನಡದವರೇ ಒಬ್ಬರು ಬಂದರು. ಟೆನ್ನೆಸ್ಸೀಯ ಅಂಗಡಿಯೊಂದರಿಂದ ಪಿಸ್ತೂಲು ಕೊಂಡು ನಮ್ಮ ಅಂಗಡಿಗೆ ತರಿಸಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಡ್ರೈವಿಂಗ್ ಲೈಸೆನ್ಸ್ ಕೇಳಿದೆ. ತೆಗೆದುಕೊಟ್ಟರು, ನೋಡಿದರೆ ನ್ಯೂಜೆರ್ಸಿಯದು. "ಟೆಕ್ಸಸ್‌ಗೆ ಬಂದು ಐದು ತಿಂಗಳಾಯ್ತು ಸಾರ್, ಬದಲಾಯಿಸೋಕೆ ಟೈಮೇ ಸಿಕ್ಕಿಲ್ಲ" ಅಂದರು. ಟೆಕ್ಸಸ್ ಲೈಸೆನ್ಸ್ ಕೈಗೆ ಬರುವವರೆಗೆ ಪಿಸ್ತೂಲು ಆರು ವಾರ ನಮ್ಮ ತಿಜೋರಿಯಲ್ಲೇ ಕೂತಿತ್ತು.

ಇಂಥವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಬಂದೂಕು ಆರಿಸುವ ಮೊದಲೇ ಇದು ಮುಗಿಯಬೇಕು. ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಇರುವವರು ಮುಂದಿನ ಹಂತಕ್ಕೆ ಹೋಗಬಹುದು. ಎಚ್-1ಬಿ, ಎಚ್-4, ಎಫ್-1 ವೀಸಾದವರಿಗೆ ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಕೊಳ್ಳುವುದಷ್ಟೇ ಅಲ್ಲ, ಕೈಯಲ್ಲಿ ಹಿಡಿಯುವುದೂ ಅಪರಾಧ. ಗುಂಡುಗಳಿಗೂ ಇದೇ ಮಾತು.

ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ಕೊಳ್ಳಬಹುದು. ಅದನ್ನು ಕೇಳಿಕೊಂಡು ಎಚ್-1ಬಿಯವರು ಬರುತ್ತಲೇ ಇರುತ್ತಾರೆ. ಕಾನೂನು ಒಪ್ಪುತ್ತದೆ, ನಾನು ಒಪ್ಪುವುದಿಲ್ಲ. ಬೇಟೆ ಲೈಸೆನ್ಸಿನ ಅವಧಿ ಮುಗಿದ ದಿನ ಮನೆಯಲ್ಲಿರುವ ಬಂದೂಕೇ ಅಪರಾಧವಾಗಿಬಿಡುತ್ತದೆ. ಅಂಥ ಒಂದು ಮರೆವಿಗೆ ಹತ್ತು ವರ್ಷ ಕಾದ ಗ್ರೀನ್ ಕಾರ್ಡ್ ಹೋಗಬೇಕಾ? ಕಾರ್ಡ್ ಬರಲಿ, ಆಮೇಲೆ ಕೊಳ್ಳಿ.

ನೋಡಿಹೋಗಲು ಬಂದ ಅಪ್ಪ ಅಮ್ಮನಿಗೂ ಇದೇ ನಿಯಮ. ನಮ್ಮದು ಸಕಲೇಶಪುರದ ಕಡೆ. ಅಪ್ಪನ ಹೆಸರಿನಲ್ಲಿ ಜೋಡುನಳಿಗೆ ಕೋವಿ ಇದೆ, ಚುನಾವಣೆ ಬಂದಾಗೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಾರೆ. ಅವರು ಇಲ್ಲಿಗೆ ಬಂದಾಗ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಆಚೆಯೇ ಕೂರಿಸಿದೆ. ಬಾಡಿಗೆ ಬಂದೂಕು ಮುಟ್ಟಿದರೂ ತಪ್ಪು ತಪ್ಪೇ. ಅಪ್ಪ ಅಲ್ಲಿಂದಲೇ ನಾನು ಹಿಡಿಯುವ ರೀತಿ ಸರಿಯಿಲ್ಲ ಎಂದು ಕೈಸನ್ನೆ ಮಾಡುತ್ತಿದ್ದರು. ಕೊಡಗಿನ ಗೆಳೆಯರಿಗೂ ಒಂದು ಮಾತು: ಭಾರತದಲ್ಲಿ ನಿಮಗಿರುವ ಲೈಸೆನ್ಸ್ ವಿನಾಯಿತಿ ಇಲ್ಲಿ ಲೆಕ್ಕಕ್ಕಿಲ್ಲ.

ಹಂತ 2: ಯಾವುದನ್ನು ಎಲ್ಲಿ ಕೈಗೆ ತೆಗೆದುಕೊಳ್ಳಬಹುದು

1968ರ ಗನ್ ಕಂಟ್ರೋಲ್ ಆ್ಯಕ್ಟ್ ಹಾಕಿಕೊಟ್ಟ ದಾರಿ ಇದು. ಪಿಸ್ತೂಲು, ರಿವಾಲ್ವರ್ ಯಾವ ರಾಜ್ಯದ್ದಾದರೂ ಕೊಳ್ಳಿ, ಆದರೆ ಕೈಗೆ ಬರುವುದು ನಿಮ್ಮ ರಾಜ್ಯದಲ್ಲಿರುವ, ಫೆಡರಲ್ ಲೈಸೆನ್ಸ್ ಪಡೆದ ಡೀಲರ್ ಹತ್ತಿರವೇ. ವಯಸ್ಸು 21 ಆಗಿರಬೇಕು. ರೈಫಲ್, ಶಾಟ್‌ಗನ್ ಆದರೆ ಬೇರೆ ಯಾವುದೇ ರಾಜ್ಯದ ಡೀಲರ್ ಅಂಗಡಿಗೇ ಹೋಗಿ ತರಬಹುದು. 18 ಆಗಿದ್ದರೆ ಫೆಡರಲ್ ಕಾನೂನಿಗೆ ಸಾಕು. ಆದರೆ ಎರಡೂ ರಾಜ್ಯಗಳ ಕಾನೂನು ಅದಕ್ಕೆ ಒಪ್ಪಬೇಕು.

ಇಲ್ಲಿ ಎಡವುವವರು ಬಿಡಿಭಾಗ ಕೊಳ್ಳುವವರು. ನಳಿಗೆ, ಹಿಡಿ ಯಾವುದೂ ಇಲ್ಲದ ಬರೀ ರಿಸೀವರ್ (ಉಳಿದ ಭಾಗಗಳು ಕೂರುವ ಮೂಲ ಚೌಕಟ್ಟು) ಇನ್ನೂ ರೈಫಲ್ ಅಲ್ಲ. ಅದಕ್ಕೂ 21 ಆಗಿರಬೇಕು, ನಿಮ್ಮ ರಾಜ್ಯದಲ್ಲೇ ತೆಗೆದುಕೊಳ್ಳಬೇಕು.

ಗೆಳೆಯರ ನಡುವಿನ ವ್ಯಾಪಾರವೂ ಅಷ್ಟೆ. ಒಕ್ಲಹೋಮಾದ ಗೆಳೆಯ ದೀಪಾವಳಿಗೆ ಬಂದವನು ತನ್ನ ಹಳೇ ಪಿಸ್ತೂಲನ್ನು ನಿಮಗೆ ಮಾರಿ ಹೋಗುವ ಹಾಗಿಲ್ಲ. ಸುಮ್ನೆ ಕೊಟ್ಟರೂ ತಪ್ಪೇ. ಅದು ಟೆಕ್ಸಸ್‌ನ ಡೀಲರ್ ಮೂಲಕವೇ ಬರಬೇಕು. ಬೇಟೆಗೆಂದು ಎರಡು ದಿನದ ಮಟ್ಟಿಗೆ ಎರವಲು ಕೊಡಬಹುದು, ಅಷ್ಟೇ.

ಹಂತ 3: ಡೀಲರ್‌ಗೆ ಮೊದಲೇ ಫೋನ್ ಮಾಡಿ

ತರಿಸಿಕೊಡುತ್ತಾರಾ, ಅದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ ಕೇಳಿ, ಅವರ ಲೈಸೆನ್ಸ್ ಪ್ರತಿ ಮಾರುವವರಿಗೆ ಹೋಗುವಂತೆ ಮಾಡಿ, ಆಮೇಲೆ ದುಡ್ಡು ಕಟ್ಟಿ.

ಹಂತ 4: ಫಾರಂ 4473

ಜನ ಕೆಡಿಸಿಕೊಳ್ಳುವುದೇ ಇಲ್ಲಿ. ಬಂದೂಕು ಕೈಗೆ ಕೊಡುವ ಮೊದಲು ಡೀಲರ್ ಅಂಗಡಿಯಲ್ಲಿ ನೀವು ತುಂಬಬೇಕಾದ ಫೆಡರಲ್ ಫಾರಂ ಇದು, ಹತ್ತು ನಿಮಿಷದ ಕೆಲಸ ಅನ್ನಿಸುತ್ತದೆ. ಅವಸರ ಬೇಡ.

ಮೊದಲು ಹೆಸರು. ನಮ್ಮವರ ಹೆಸರು ಈ ದೇಶದ ಯಾವ ಫಾರಂಗೂ ಹೊಂದುವುದಿಲ್ಲ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ಕೆಲವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ವೀಸಾದಲ್ಲಿ ಅದರ ಜೊತೆಗೆ ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ಗೊತ್ತಿಲ್ಲ'. ಡ್ರೈವಿಂಗ್ ಲೈಸೆನ್ಸಿನಲ್ಲಿ ಹೇಗಿದೆಯೋ ಹಾಗೆಯೇ ಪೂರ್ತಿ ಬರೆಯಿರಿ. ಕಾನೂನಿನ ಪ್ರಕಾರ ನಿಮ್ಮ ಹೆಸರಿನಲ್ಲಿ ಬರೀ ಇನಿಷಿಯಲ್ಲೇ ಇದ್ದರೆ ಅದರ ನಂತರ ಐಒ (ಇನಿಷಿಯಲ್ ಮಾತ್ರ) ಎಂದು ಹಾಕಬೇಕು. ನಡುವಿನ ಹೆಸರೇ ಇಲ್ಲದಿದ್ದರೆ ಎನ್‌ಎಂಎನ್. ಆ ಜಾಗ ಖಾಲಿ ಬಿಡಬೇಡಿ.

ಆಮೇಲೆ ವಿಳಾಸ. ನೀವು ವಾಸ ಇರುವ ಮನೆಯದೇ ಆಗಬೇಕು, ಅಂಚೆ ಪೆಟ್ಟಿಗೆ ನಂಬರ್ ನಡೆಯುವುದಿಲ್ಲ. ಅದೇ ರಾಜ್ಯದೊಳಗೆ ಮನೆ ಬದಲಾಯಿಸಿ ಲೈಸೆನ್ಸಿನಲ್ಲಿ ಹಳೇ ವಿಳಾಸ ಇದ್ದರೆ, ಹೊಸ ವಿಳಾಸ ಇರುವ ಇನ್ನೊಂದು ಸರ್ಕಾರಿ ಕಾಗದ ತನ್ನಿ. ಕಾರಿನ ನೋಂದಣಿ ಸಾಕು. ಗ್ರೀನ್ ಕಾರ್ಡಿನವರು ಕಾರ್ಡನ್ನೂ ಜೇಬಿನಲ್ಲಿ ಇಟ್ಟುಕೊಂಡೇ ಬನ್ನಿ, ಅದರ ನಂಬರ್ ಬರೆಯಬೇಕು. "ಫೋನಲ್ಲಿ ಫೋಟೋ ಇದೆ" ಅನ್ನುವವರನ್ನು ನಾನು ವಾಪಸ್ ಕಳಿಸುತ್ತೇನೆ.

ಗಾಂಜಾ ಪ್ರಶ್ನೆಯೂ ಬರುತ್ತದೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧ ಇರಬಹುದು. ಆದರೂ ಫೆಡರಲ್ ಲೆಕ್ಕದಲ್ಲಿ ಅಲ್ಲ ಎಂದು ಫಾರಂ ಮೇಲೆಯೇ ಅಚ್ಚಾಗಿದೆ.

ಇನ್ನು, ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಎಂಬ ಪ್ರಶ್ನೆ. ಎಲ್ಲರೂ ಓದದೆ 'ಹೌದು' ಎಂದು ಗುರುತು ಹಾಕುತ್ತಾರೆ. ಅಬ್ರಾಮ್‌ಸ್ಕಿ ಎಂಬ ಮಾಜಿ ಪೊಲೀಸನ ಕಥೆ ಕೇಳಿ. ವರ್ಜೀನಿಯಾದವನು. ಪೊಲೀಸರಿಗೆ ಸಿಗುವ ರಿಯಾಯಿತಿಯಲ್ಲಿ 2009ರಲ್ಲಿ ಒಂದು ಗ್ಲಾಕ್ 19 ಪಿಸ್ತೂಲು ಕೊಂಡ. ಅದು ಪೆನ್ಸಿಲ್ವೇನಿಯಾದಲ್ಲಿದ್ದ ಅವನ ಅಂಕಲ್‌ಗೆ. ಅವರು 400 ಡಾಲರ್ ಚೆಕ್ ಮೊದಲೇ ಕಳಿಸಿದ್ದರು, ಚೆಕ್ಕಿನ ಮೇಲೆ ಬಂದೂಕಿನ ಹೆಸರೂ ಬರೆದಿದ್ದರು. ಅಂಕಲ್‌ಗೂ ಬಂದೂಕು ಇಟ್ಟುಕೊಳ್ಳುವ ಹಕ್ಕಿತ್ತು. ಪೆನ್ಸಿಲ್ವೇನಿಯಾದ ಡೀಲರ್ ಮೂಲಕವೇ, ತಪಾಸಣೆ ಮಾಡಿಸಿಯೇ ಅದನ್ನು ದಾಟಿಸಿದ್ದರು. ಆದರೂ ಮೊದಲ ಅಂಗಡಿಯ ಫಾರಂನಲ್ಲಿ 'ನಾನೇ ಕೊಳ್ಳುತ್ತಿರುವುದು' ಅಂದಿದ್ದು ಸುಳ್ಳಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅವನ ಅಪರಾಧವನ್ನು ಎತ್ತಿಹಿಡಿಯಿತು.

ಅಂದರೆ, "ನಿಮ್ಮ ಹೆಸರಲ್ಲಿ ತಗೊಳ್ಳಿ, ದುಡ್ಡು ನಾನು ಕಳಿಸ್ತೀನಿ" ಅಂತ ಭಾವನೇ ಕೇಳಿದರೂ ಆಗುವುದಿಲ್ಲ ಅನ್ನಿ. ನಿಮ್ಮ ಸ್ವಂತ ದುಡ್ಡಿನಲ್ಲಿ ಉಡುಗೊರೆ ಕೊಡುವುದಾದರೆ ತಪ್ಪಿಲ್ಲ. ಭಾವ ಬೇರೆ ರಾಜ್ಯದಲ್ಲಿದ್ದರೆ ಅದೂ ಅವರ ಊರಿನ ಡೀಲರ್ ಮೂಲಕವೇ ಹೋಗಬೇಕು. 2022ರ ಕಾನೂನಿನ ನಂತರ, ಬಂದೂಕು ಇಟ್ಟುಕೊಳ್ಳುವ ಹಕ್ಕಿಲ್ಲದವರ ಪರವಾಗಿ ಗೊತ್ತಿದ್ದೂ ಕೊಳ್ಳುವುದಕ್ಕೆ 15 ವರ್ಷದವರೆಗೆ ಜೈಲು ಇದೆ.

ಹಂತ 5: ತಪಾಸಣೆ

ಡೀಲರ್ ನಿಮ್ಮ ವಿವರವನ್ನು ಹಿನ್ನೆಲೆ ನೋಡುವ ಎಫ್‌ಬಿಐನ ನಿಕ್ಸ್ ವ್ಯವಸ್ಥೆಗೆ ಕಳಿಸುತ್ತಾರೆ. ಇದು 1998ರಿಂದ ನಡೆದುಬಂದಿದೆ. 'ಮುಂದುವರಿಯಿರಿ' ಎಂದು ಬಂದರೆ ಮುಗಿಯಿತು. 'ತಡ' ಎಂದು ಬಂದರೆ ಗಾಬರಿ ಬೇಡ, ಅದು ನಿರಾಕರಣೆ ಅಲ್ಲ. ಪ್ರತಿಸಲವೂ ತಡವಾಗುತ್ತಿದ್ದರೆ ಎಫ್‌ಬಿಐಗೆ ಅರ್ಜಿ ಹಾಕಿ ಯುಪಿಐಎನ್ ಎಂಬ ನಂಬರ್ ಪಡೆಯಬಹುದು. ಮುಂದಿನ ಫಾರಂನಲ್ಲಿ ಅದನ್ನು ಬರೆದರೆ ಅದೇ ಹೆಸರಿನ ಇನ್ನೊಬ್ಬರ ಜೊತೆ ನಿಮ್ಮನ್ನು ಗೊಂದಲ ಮಾಡಿಕೊಳ್ಳುವುದು ತಪ್ಪುತ್ತದೆ.

ಹಂತ 6: ಸಪ್ರೆಸರ್ ಬೇಕಾದರೆ

ಕಾನೂನಿನಲ್ಲಿ ಇದರ ಹೆಸರು ಸೈಲೆನ್ಸರ್, ಅಂಗಡಿಯಲ್ಲಿ ಸಪ್ರೆಸರ್. ಸಿನಿಮಾದ ಹಾಗೆ 'ಪುಸ್' ಅನ್ನುವುದಿಲ್ಲ. ಬೈಕಿನ ಸೈಲೆನ್ಸರ್ ಮಾಡುವ ಕೆಲಸವೇ ಇದರದ್ದೂ: ಸದ್ದು ಇಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಕಾನೂನಿನ ಕಣ್ಣಿಗೆ ಈ ಕೊಳವೆಯೇ ಒಂದು ಬಂದೂಕು. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಕೆಳಗೆ ನೋಂದಣಿ ಆಗಲೇಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಸಾಮಾನ್ಯ ಜನರಿಗೆ ಸಿಗುವುದೇ ಇಲ್ಲ.

ಬೇರೆ ರಾಜ್ಯದಲ್ಲಿ ಇಷ್ಟವಾದದ್ದು ಸಿಕ್ಕರೆ ಹೀಗೆ ಮಾಡಿ. ದುಡ್ಡು ಕಟ್ಟಿ, ಅಲ್ಲೇ ಬಿಟ್ಟು ಬನ್ನಿ. ಆ ಡೀಲರ್ ಫಾರಂ 3 ಹಾಕಿ ನಿಮ್ಮ ರಾಜ್ಯದ, ಇದಕ್ಕೆಂದೇ ತೆರಿಗೆ ಕಟ್ಟಿರುವ ಡೀಲರ್‌ಗೆ ಕಳಿಸುತ್ತಾರೆ. ಅಲ್ಲಿಂದ ನಿಮ್ಮ ಹೆಸರಿಗೆ ಫಾರಂ 4. ಫೋಟೋ, ಬೆರಳಚ್ಚು ಕೊಡಬೇಕು. ಫಾರಂನ ಒಂದು ಪ್ರತಿ ನಿಮ್ಮ ಊರಿನ ಶೆರಿಫ್ ಅಥವಾ ಪೊಲೀಸ್ ಮುಖ್ಯಸ್ಥರಿಗೆ ಹೋಗುತ್ತದೆ. ಅದು ಮಾಹಿತಿಗಷ್ಟೇ, ಅವರ ಸಹಿ ಬೇಕಿಲ್ಲ. ಬಂದೂಕು ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್‌ನ ಒಪ್ಪಿಗೆ ಬರುವವರೆಗೆ ಸಪ್ರೆಸರ್ ಅಂಗಡಿಯಲ್ಲೇ ಇರಬೇಕು. ನಮ್ಮಲ್ಲಿ ಅದಕ್ಕೆ 'ಜೈಲಲ್ಲಿದೆ' ಅನ್ನುತ್ತೇವೆ.

1934ರಿಂದ 200 ಡಾಲರ್ ಆಗಿಯೇ ಇದ್ದ ತೆರಿಗೆ 2026ರ ಜನವರಿ 1ರಿಂದ ಸಪ್ರೆಸರ್‌ಗೆ ಸೊನ್ನೆ ಆಗಿದೆ. ಸೊನ್ನೆ ಆಗಿರುವುದು ತೆರಿಗೆ ಮಾತ್ರ, ನೋಂದಣಿ ಅಲ್ಲ. ಈ ವ್ಯತ್ಯಾಸವನ್ನು ವಾರಕ್ಕೆ ಮೂರು ಸಲವಾದರೂ ಹೇಳುತ್ತಿದ್ದೇನೆ.

ಬೆರಳಚ್ಚು ಎಷ್ಟೋ ಸಲ ಕೆಡುತ್ತದೆ. ಚಳಿಗಾಲದಲ್ಲಿ ಕೈ ಒಣಗಿ ಗೆರೆಯೇ ಬೀಳುವುದಿಲ್ಲ. ಹಿಂದಿನ ಎರಡು ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಸೋಪು ಹಾಕಿ ಚೆನ್ನಾಗಿ ತೊಳೆದು ಬನ್ನಿ. ಬೆರಳನ್ನು ನೀವೇ ಒತ್ತಬೇಡಿ, ಸಡಿಲ ಬಿಡಿ, ನಾವು ಉರುಳಿಸುತ್ತೇವೆ.

ಗಂಡ ಹೆಂಡತಿ ಇಬ್ಬರೂ ಬಳಸುವುದಾದರೆ ಒಬ್ಬರ ಹೆಸರಿನಲ್ಲಿ ಬೇಡ, ಟ್ರಸ್ಟ್ ಮಾಡಿ. ಒಬ್ಬರ ಹೆಸರಿನಲ್ಲಿದ್ದರೆ ಅವರು ಊರಲ್ಲಿ ಇಲ್ಲದಾಗ ಇನ್ನೊಬ್ಬರ ವಶದಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಟ್ರಸ್ಟ್ ಆದರೆ ಇಬ್ಬರ ಬೆರಳಚ್ಚೂ, ಇಬ್ಬರ ಫೋಟೋನೂ ಬೇಕು. ಕಾಗದ ಜಾಸ್ತಿ, ಆದರೂ ಅದೇ ಮೇಲು.

ಆನ್‌ಲೈನ್‌ನಲ್ಲಿ 'ಸಾಲ್ವೆಂಟ್ ಟ್ರ್ಯಾಪ್' ಎಂಬ ಅಗ್ಗದ ಕೊಳವೆ ಕಿಟ್ ಸಿಗುತ್ತದೆ, ಬಂದೂಕು ತೊಳೆಯುವ ಸಾಧನ ಎಂಬ ಹೆಸರಿನಲ್ಲಿ. ಮುಟ್ಟಬೇಡಿ. ಅಂಥವನ್ನು ಎಟಿಎಫ್ ನೋಂದಣಿ ಇಲ್ಲದ ಸೈಲೆನ್ಸರ್ ಎಂದು ಪರಿಗಣಿಸಿ ಕೊಂಡವರ ಬಾಗಿಲಿಗೇ ಬಂದಿದೆ. ಅದಕ್ಕೆ 10 ವರ್ಷದವರೆಗೆ ಜೈಲು.

ಹಂತ 7: ರಾಜ್ಯ ದಾಟುವಾಗ

ಸಪ್ರೆಸರ್ ಜೊತೆ ಬೇರೆ ರಾಜ್ಯಕ್ಕೆ ಹೋಗಲು ಎಟಿಎಫ್ ಅನುಮತಿ ಬೇಡ, ಹೋಗುವ ರಾಜ್ಯದಲ್ಲಿ ಅದು ಕಾನೂನುಬದ್ಧ ಇದ್ದರೆ ಸಾಕು. ಗಿಡ್ಡ ನಳಿಗೆಯ ರೈಫಲ್ ಆದರೆ ಫಾರಂ 5320.20 ಹಾಕಿ ಮೊದಲೇ ಅನುಮತಿ ಪಡೆಯಬೇಕು. ಕೆಲಸ ಬದಲಾಗಿ ನ್ಯೂಜೆರ್ಸಿಗೆ ಮನೆ ಸಾಗಿಸುವವರು ಪ್ಯಾಕರ್‌ಗೆ ಫೋನ್ ಮಾಡುವ ಮುಂಚೆ ಸಪ್ರೆಸರ್‌ಗೆ ಟೆಕ್ಸಸ್‌ನಲ್ಲೇ ಒಂದು ದಾರಿ ಮಾಡಿ. ಒಪ್ಪಿಗೆ ಪತ್ರದ ಪ್ರತಿ ಯಾವಾಗಲೂ ಜೊತೆಗಿರಲಿ. ನನ್ನದು ಬಂದೂಕಿನ ಚೀಲದ ಜಿಪ್ಪಿನಲ್ಲೊಂದು, ಫೋನಿನಲ್ಲೊಂದು ಇದೆ. ಮೂಲ ಪತ್ರ ಮನೆಯ ತಿಜೋರಿಯಲ್ಲಿ, ಪಾಸ್‌ಪೋರ್ಟುಗಳ ಕೆಳಗೆ.