ದೊಡ್ಡ ಆರ್‌ಸಿ (ರಿಮೋಟಿನಲ್ಲಿ ಓಡಿಸುವ) ಕಾರಿಗೆ ಪೆಟ್ರೋಲ್-ಆಯಿಲ್ ಬೆರೆಸುವುದು: ಕಾರವಾರದಲ್ಲಿ ನಾನು ಮಾಡುವ ಕ್ರಮ

ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಆಯಿಲ್ ಹಾಕಿದರೆ 25:1. 31 ಮಿಲಿ ಹಾಕಿದರೆ 32:1. 25 ಮಿಲಿ ಆದರೆ 40:1. ಲೆಕ್ಕ ಇಷ್ಟೇ. ಹೊಸದಾಗಿ ಕಾರು ತಂದವರೆಲ್ಲ ತಲೆ ಕೆಡಿಸಿಕೊಳ್ಳುವುದು ಇದೇ ಲೆಕ್ಕಕ್ಕೆ. ನಾನು ಕಂಡಂತೆ ನಮ್ಮ ಕರಾವಳಿಯಲ್ಲಿ ಇಂಜಿನ್ ಕೆಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಪೆಟ್ರೋಲಿನೊಳಗಿನ ಎಥನಾಲ್, ಅದಕ್ಕೆ ಸೇರಿಕೊಳ್ಳುವ ನೀರು.

ನನ್ನ ಕಾರು ನಿಜ ಕಾರಿನ 1/5 ಅಳತೆಯದು. ಇಂಜಿನ್ ಜೆನೋವಾ ಜಿ260ಆರ್‌ಸಿ: ಬೋರ್ 34 ಮಿಮೀ, ಸ್ಟ್ರೋಕ್ 28 ಮಿಮೀ, 25.4 ಸಿಸಿ. ಟ್ಯಾಂಕ್ 700 ಮಿಲಿ. ಇದು ಟೂ-ಸ್ಟ್ರೋಕ್ ಇಂಜಿನ್, ಇದಕ್ಕೆ ಬೇರೆ ಆಯಿಲ್ ಚೇಂಬರ್ ಇಲ್ಲ. ಕ್ರ್ಯಾಂಕ್ ಬೇರಿಂಗ್, ಪಿಸ್ಟನ್, ರಿಂಗ್ ಎಲ್ಲಕ್ಕೂ ಪೆಟ್ರೋಲಿನ ಜೊತೆ ಬರುವ ಆಯಿಲೇ ಗತಿ. ಚಿಕ್ಕ ನೈಟ್ರೊ ಕಾರುಗಳ ಇಂಧನವೇ ಬೇರೆ, ಅದು ಮೆಥನಾಲ್ ಮತ್ತು ನೈಟ್ರೊಮೀಥೇನ್. ಒಂದರ ಇಂಧನ ಇನ್ನೊಂದಕ್ಕೆ ಆಗುವುದಿಲ್ಲ.

ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲೆ ಜಾಸೋ ಎಫ್‌ಡಿ (ಟೂ-ಸ್ಟ್ರೋಕ್ ಆಯಿಲಿನ ಜಪಾನಿ ಗುಣಮಟ್ಟದ ಗುರುತು) ಎಂದಿದೆಯೇ ನೋಡುತ್ತೇನೆ. ಕಾರವಾರದಲ್ಲಿ ಇನ್ನೊಂದು ಆಯಿಲ್ ಸುಲಭವಾಗಿ ಕೈಗೆ ಬರುತ್ತದೆ: ದೋಣಿಯ ಔಟ್‌ಬೋರ್ಡ್ ಇಂಜಿನ್ನಿಗೆ ಹಾಕುವ ಟಿಸಿ-ಡಬ್ಲ್ಯು3. ಅದೂ ಟೂ-ಟಿ (ಟೂ-ಸ್ಟ್ರೋಕ್) ಆಯಿಲೇ, ಒಳ್ಳೆಯದೇ. ಆದರೆ ಅದನ್ನು ಮಾಡಿರುವುದು ನೀರಿನಿಂದ ತಣ್ಣಗಾಗುವ ಇಂಜಿನ್ನಿಗೆ. ನಮ್ಮದು ಗಾಳಿಯಿಂದ ತಣ್ಣಗಾಗಬೇಕಾದ, ಬಾಡಿಯೊಳಗೆ ಮುಚ್ಚಿಕೊಂಡು ಓಡುವ ಪುಟ್ಟ ಇಂಜಿನ್. ಆ ಬಿಸಿಗೆ ಅದು ತಕ್ಕದ್ದಲ್ಲ. ಬಣ್ಣವಿರುವ ಆಯಿಲನ್ನೇ ಆರಿಸಿಕೊಳ್ಳಿ. ಕ್ಯಾನ್ ಎತ್ತಿ ನೋಡಿದಾಗ ಆಯಿಲ್ ಹಾಕಿದ್ದೇವೋ ಇಲ್ಲವೋ ಎಂಬ ಅನುಮಾನ ಆ ಬಣ್ಣದಿಂದಲೇ ಬಗೆಹರಿಯುತ್ತದೆ.

ಈಗ ಪೆಟ್ರೋಲ್. ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್. ಎಥನಾಲಿಗೆ ನೀರೆಂದರೆ ಆಸೆ. ಒಂದು ಮಿತಿಯವರೆಗೆ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಿತಿ ದಾಟಿದ ಕೂಡಲೇ ನೀರು ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪು ಹೀರುವುದು ತಳದಿಂದ. ಹಾಗಾಗಿ ಅಳತೆ ಎಷ್ಟೇ ಸರಿ ಇದ್ದರೂ ಪಿಸ್ಟನ್ನಿಗೆ ತಲುಪುವುದು ಜಿಡ್ಡಿಲ್ಲದ ನೀರು-ಎಥನಾಲ್. ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಉದ್ದುದ್ದ ಗೀರು ಬಿದ್ದು, ಸಿಲಿಂಡರಿಗೆ ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರೆ ಆಯಿಲ್ ಕಂಪನಿಯನ್ನು ಬೈಯುವ ಮೊದಲು ಕ್ಯಾನಿನ ತಳ ನೋಡಬೇಕು.

ಹೊಸ ಬಂಕಿನ ಪೆಟ್ರೋಲ್ ತಂದಾಗ ಅಂಗಳದಲ್ಲಿ ಒಂದು ಪರೀಕ್ಷೆ ಮಾಡುತ್ತೇನೆ. 100 ಮಿಲಿಯ ಗಾಜಿನ ಅಳತೆ ಜಾಡಿಗೆ 10 ಮಿಲಿ ನೀರು, ಅದರ ಮೇಲೆ 100ರ ಗೆರೆಯವರೆಗೆ ಪೆಟ್ರೋಲ್. ಬಾಯಿ ಮುಚ್ಚಿ ಕುಲುಕಿ ಹತ್ತು ನಿಮಿಷ ಬಿಡಿ. ಮೊದಲು ಮಜ್ಜಿಗೆಯ ತಿಳಿಯಂತೆ ಮಬ್ಬಾಗುತ್ತದೆ, ಆಮೇಲೆ ಎರಡು ಪದರ ಸ್ಪಷ್ಟವಾಗಿ ಬೇರ್ಪಡುತ್ತದೆ. 10ರಲ್ಲಿದ್ದ ಕೆಳಗಿನ ಪದರ ಸುಮಾರು 28ಕ್ಕೆ ಏರಿದ್ದರೆ, 90 ಮಿಲಿ ಪೆಟ್ರೋಲಿನಲ್ಲಿ 18 ಮಿಲಿ ಎಥನಾಲ್ ಇತ್ತು, ಅಂದರೆ 20%. ಹೀಗೆ ನೀರಿನಲ್ಲಿ ತೊಳೆದು ಮೇಲಿನ ಪದರವನ್ನು ಕಾರಿಗೆ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಎಥನಾಲ್ ಹೋದರೆ ಆಕ್ಟೇನ್ (ಇಂಜಿನ್ ಬಡಿತ ತಡೆಯುವ ಗುಣ) ಇಳಿಯುತ್ತದೆ, ನೀರಿನ ಅಂಶವೂ ಅಷ್ಟಿಷ್ಟು ಉಳಿದುಬಿಡುತ್ತದೆ.

ಬೆರೆಸುವುದು ಒಂದೊಂದೇ ಲೀಟರ್. ಬಿಗಿ ಮುಚ್ಚಳದ ಲೋಹದ ಕ್ಯಾನನ್ನು ನೆಲದ ಮೇಲಿಟ್ಟು ಮೊದಲು ಅರ್ಧ ಲೀಟರ್ ಪೆಟ್ರೋಲ್ ಸುರಿಯುತ್ತೇನೆ. ಸೂಜಿ ತೆಗೆದ 50 ಮಿಲಿ ಸಿರಿಂಜಿನಲ್ಲಿ 31 ಮಿಲಿ ಆಯಿಲ್ ಎಳೆದು ಅದಕ್ಕೆ ಹಾಕುತ್ತೇನೆ. ಸಿರಿಂಜಿನೊಳಗೆ ಗಾಳಿ ಗುಳ್ಳೆ ಇರಬಾರದು. ದಪ್ಪ ಆಯಿಲನ್ನು ಬೇಗ ಎಳೆದರೆ ಗುಳ್ಳೆ ಬಂದು ಎರಡು ಮೂರು ಮಿಲಿ ಕಡಿಮೆಯಾಗುತ್ತದೆ. ಅದೇ ಪೆಟ್ರೋಲಿನಿಂದ ಸಿರಿಂಜನ್ನು ಎರಡು ಸಲ ತೊಳೆದು ಕ್ಯಾನಿಗೇ ಬಿಡಬೇಕು. ಕುಲುಕಿ, ಉಳಿದ ಅರ್ಧ ಲೀಟರ್ ಸೇರಿಸಿ, ಮತ್ತೆ ಒಂದು ನಿಮಿಷ ಕುಲುಕುತ್ತೇನೆ. ಮುಚ್ಚಳದ ಮೇಲೆ ತಾರೀಖು, ಅನುಪಾತ ಬರೆದ ಟೇಪ್. ಟ್ಯಾಂಕಿಗೆ ಸುರಿಯುವ ಮೊದಲು ಪ್ರತಿ ಸಲವೂ ಕುಲುಕುತ್ತೇನೆ. ಆಳಿಕೆಗೆ ಸಣ್ಣ ಜಾಲರಿ ಇರಲೇಬೇಕು, ಕಡಲದಂಡೆಯಲ್ಲಿ ಮರಳು ಎಲ್ಲಿಂದಾದರೂ ನುಗ್ಗುತ್ತದೆ.

ಬಿಗಿಯಾಗಿ ಮುಚ್ಚಿದ, ತುಂಬಿದ ಕ್ಯಾನಿಗೆ ಉಪ್ಪುಗಾಳಿಯ ತೇವ ಅಷ್ಟು ಬೇಗ ಇಳಿಯುವುದಿಲ್ಲ. ಅಪಾಯ ಇರುವುದು ಅರ್ಧ ಖಾಲಿ ಕ್ಯಾನಿನಲ್ಲಿ, ಗಾಳಿರಂಧ್ರ ಇರುವ ಕಾರಿನ ಟ್ಯಾಂಕಿನಲ್ಲಿ, ತೊಳೆದು ಒಣಗದ ಆಳಿಕೆಯಲ್ಲಿ. ಬೇಸಿಗೆಯಲ್ಲಿ ಒಂದು ತಿಂಗಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೇ ವಾರ: ಇದು ನಾನು ಇಟ್ಟುಕೊಂಡ ಗಡುವು.

ಆಯಿಲ್ ಜಾಸ್ತಿ ಹಾಕಿದರೆ ಇಂಜಿನ್ನಿಗೆ ಕ್ಷೇಮ ಎಂದು ಕಣ್ಣು ಮುಚ್ಚಿ ನಂಬಬೇಡಿ. ಅದೇ ಜೆಟ್ಟಿನಲ್ಲಿ (ಇಂಧನ ಹೋಗುವ ಸಣ್ಣ ರಂಧ್ರದಲ್ಲಿ) ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಇ20 ಕೂಡ ಲೀನ್ ಕಡೆಗೇ ಎಳೆಯುತ್ತದೆ, ಏಕೆಂದರೆ ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇದೆ. ಆದ್ದರಿಂದ ಅನುಪಾತ ಬದಲಿಸಿದಾಗಲೆಲ್ಲ ವಾಲ್‌ಬ್ರೋ ಕಾರ್ಬೊರೇಟರಿನ ಎಚ್ ಸ್ಕ್ರೂ (ಹೆಚ್ಚು ವೇಗದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕೆಂದು ಹೊಂದಿಸುವುದು; ಕಡಿಮೆ ವೇಗಕ್ಕೆ ಎಲ್ ಸ್ಕ್ರೂ) ಮತ್ತೆ ನೋಡಬೇಕು. ನನ್ನದರಲ್ಲಿ ಪೂರ್ತಿ ಮುಚ್ಚಿದಲ್ಲಿಂದ ಎಲ್ ಒಂದೂಕಾಲು ಸುತ್ತು, ಎಚ್ ಒಂದೂವರೆ ಸುತ್ತು; ಇ20 ಹಾಕಿದ ಮೇಲೆ ಎಚ್ ಅನ್ನು ಎಂಟರಲ್ಲಿ ಒಂದು ಸುತ್ತು ಹೆಚ್ಚು ತೆರೆದಿದ್ದೇನೆ. ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಅಲ್ಲೇ ಇಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ. ಎನ್‌ಜಿಕೆ ಸಿಎಂಆರ್7ಎಚ್ ಪ್ಲಗ್ಗಿನ ಪಿಂಗಾಣಿ ತಿಳಿ ಕಂದು ಇದ್ದರೆ ಸರಿ. ಸುಣ್ಣದಂತೆ ಬಿಳಿ ಇದ್ದರೆ ಎಚ್ ತೆರೆಯಬೇಕು, ಕಪ್ಪಗೆ ಒದ್ದೆಯಾಗಿದ್ದರೆ ಮುಚ್ಚಬೇಕು. ಐಡಲಿನಲ್ಲಿ ನಿಲ್ಲಿಸಿ ನೋಡಿದ ಪ್ಲಗ್ ನಿಜ ಹೇಳುವುದಿಲ್ಲ.

ಮಳೆಗಾಲಕ್ಕೆ ಕಾರು ಮೂಲೆಗೆ ಇಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಐಡಲಿನಲ್ಲಿ ಬಿಡುತ್ತೇನೆ. ಕಾರ್ಬೊರೇಟರಿನಲ್ಲಿ ಇ20 ನಿಂತರೆ ಡಯಾಫ್ರಂ (ಪೆಟ್ರೋಲ್ ಎಳೆಯುವ ತೆಳು ಪೊರೆ) ಗಡುಸಾಗಿ ಮುಂದಿನ ಸಲ ಪೆಟ್ರೋಲೇ ಎಳೆಯುವುದಿಲ್ಲ. ಪ್ಲಗ್ ತೂತಿನಿಂದ ನಾಲ್ಕೈದು ಹನಿ ಟೂ-ಟಿ ಆಯಿಲ್ ಬಿಟ್ಟು ಸ್ಟಾರ್ಟರ್ ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆದು ಪ್ಲಗ್ ಹಾಕುತ್ತೇನೆ. ಉಳಿದ ಮಿಶ್ರಣ ಪದರವಾಗದೆ ತಿಳಿಯಾಗಿದ್ದರೆ ತೋಟದ ಕಳೆ ಹೊಡೆಯುವ ಮಷಿನ್ನಿಗೆ ಹೋಗುತ್ತದೆ. ಅದು ಟೂ-ಸ್ಟ್ರೋಕ್ ಆಗಿರಬೇಕು. ಫೋರ್-ಸ್ಟ್ರೋಕ್ ಮಷಿನ್ನಿಗೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕುವ ಹಾಗಿಲ್ಲ.