ಲೆಸ್ಟರ್ ಬಿಟ್ಟು ರಾಟರ್‌ಡ್ಯಾಮ್: ಬ್ರೆಕ್ಸಿಟ್ ಆದಮೇಲೆ ನಮ್ಮ ಮಾಲಿನ ದಾರಿ

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಮೇಲೆ, ಯುರೋಪಿನ ಅಂಗಡಿಗಳಿಂದ ಮೊದಲೇ ಆರ್ಡರ್ ತೆಗೆದುಕೊಂಡು ಬೆಂಗಳೂರಿನಿಂದ ನೇರ ಮಾಲು ಕಳಿಸುತ್ತೇನೆ ಅಂದೆ. ನಾಲ್ಕು ತಿಂಗಳು ಮೊದಲೇ ಯಾವ ಅಂಗಡಿಯವರು ಆರ್ಡರ್ ಕೊಡುತ್ತಾರೆ? ಇದನ್ನು ಕೇಳದವರೇ ಇಲ್ಲ. ನಮ್ಮ ಲೆಕ್ಕ ನೋಡುವವರು, ನಾನಿರುವ ಬ್ರಿಟನ್‌ನ ಲೆಸ್ಟರ್‌ನ ಸ್ನೇಹಿತರು, ಬೆಂಗಳೂರಿನಲ್ಲಿರುವ ಅಣ್ಣ, ಎಲ್ಲರದ್ದೂ ಒಂದೇ ಮಾತು: ಯುರೋಪಿನ ವ್ಯಾಪಾರ ಬಿಟ್ಟುಬಿಡು. ಈಗ ಜರ್ಮನಿ ಮತ್ತು ಐರ್ಲೆಂಡ್ ಸೇರಿ ಹನ್ನೊಂದು ಅಂಗಡಿಗಳು ಮುಂಚೆಯೇ ಆರ್ಡರ್ ಕೊಡುತ್ತಿವೆ. ಹೇಳಿಕೊಳ್ಳಲು ಹೆಮ್ಮೆಯೇ.

ನಮ್ಮದು ಮಕ್ಕಳ ಹತ್ತಿ ಬಟ್ಟೆ. ಬೊಮ್ಮನಹಳ್ಳಿಯಲ್ಲಿ ಅತ್ತಿಗೆಯ ಯೂನಿಟ್‌ನಲ್ಲಿ ಹೊಲಿಯುತ್ತಾರೆ, ಲೆಸ್ಟರ್‌ನಿಂದ ನಾನು ಮಾರುತ್ತೇನೆ. 2020ರವರೆಗೆ ಬ್ರಿಟನ್‌ನ ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ಒಂದು ಸಲ 9.6% ಸುಂಕ ಕಟ್ಟಿದರೆ ಮುಗಿಯಿತು. ಆಮೇಲೆ ಮಾಲು ಐರ್ಲೆಂಡ್‌ನ ಡಬ್ಲಿನ್‌ಗೆ ಹೋಗಲಿ, ಜರ್ಮನಿಯ ಕೊಲೋನ್‌ಗೆ ಹೋಗಲಿ, ಯಾರೂ ತಡೆಯುತ್ತಿರಲಿಲ್ಲ.

2020ರ ಡಿಸೆಂಬರ್ 24ಕ್ಕೆ ಬ್ರಿಟನ್ ಮತ್ತು ಒಕ್ಕೂಟದ ನಡುವೆ ವ್ಯಾಪಾರ ಒಪ್ಪಂದವಾಯಿತು. ಸುಂಕ ಸೊನ್ನೆ ಅಂತ ಸುದ್ದಿ ಬಂತು. ನಾನು ನಂಬಿದೆ, ಅದೇ ನನ್ನ ತಪ್ಪು. ಆ ಸೊನ್ನೆ ಬ್ರಿಟನ್‌ನಲ್ಲೋ ಒಕ್ಕೂಟದಲ್ಲೋ ತಯಾರಾದ ಮಾಲಿಗೆ ಮಾತ್ರ. ಬೊಮ್ಮನಹಳ್ಳಿಯಲ್ಲಿ ಹೊಲಿದ ಅಂಗಿ ಲೆಸ್ಟರ್‌ನಲ್ಲಿ ಎಷ್ಟು ದಿನ ಕೂತರೂ ಅದು ಭಾರತದ್ದೇ. ಅದನ್ನು ಜರ್ಮನಿಗೆ ಕಳಿಸಿದರೆ ಮತ್ತೆ ಸುಂಕ, ಅದೂ ಪೂರ್ತಿ 12%. ಬ್ರಿಟನ್‌ನಲ್ಲಿ ಇಳಿಸಿ ಸುಂಕ ಕಟ್ಟಿದ ಮೇಲೆ ಭಾರತದ ಮಾಲಿಗೆ ಆಗ ಇದ್ದ 9.6%ರ ಕಡಿಮೆ ದರ ಉಳಿಯುತ್ತಿರಲಿಲ್ಲ.

2021ರ ಜನವರಿಯ ಮೊದಲ ಆರ್ಡರ್ ಸುಮಾರು 4,000 ಪೌಂಡಿನದ್ದು. ಡಿಡಿಪಿ ಅಂತ ಬರೆದು ಕಳಿಸಿದೆ, ಅಂದರೆ ಎಲ್ಲ ಖರ್ಚೂ ನನ್ನದೇ. ಸುಂಕ 480, ಜರ್ಮನಿಯ 19% ವ್ಯಾಟ್ 850ರ ಹತ್ತಿರ, ಕ್ಲಿಯರಿಂಗ್ ಅದು ಇದು ಸೇರಿ ಇನ್ನೊಂದು 150. ಬರಬೇಕಿದ್ದ ಲಾಭವೇ 900 ಇರಬೇಕು. ಮಕ್ಕಳ ಬಟ್ಟೆಗೆ ಬ್ರಿಟನ್‌ನಲ್ಲಿ ವ್ಯಾಟ್ ಸೊನ್ನೆ, ಐರ್ಲೆಂಡ್‌ನಲ್ಲೂ ಸೊನ್ನೆ. ಹಾಗಾಗಿ ಜರ್ಮನಿಯ ವ್ಯಾಟ್ ನನ್ನ ತಲೆಗೇ ಬಂದಿರಲಿಲ್ಲ. ಅಲ್ಲಿ ನನ್ನ ನೋಂದಣಿ ಇರಲಿಲ್ಲ, ಆ ದುಡ್ಡು ವಾಪಸ್ ಬರಲೇ ಇಲ್ಲ.

"ಒಂದೇ ಮಾಲಿಗೆ ಎರಡು ಸಲ ಸುಂಕ ಕಟ್ತೀಯಾ? ಇಲ್ಲಿಂದಲೇ ನೇರ ಕಳಿಸೋಣ" ಅಂದರು ಅತ್ತಿಗೆ ಫೋನಿನಲ್ಲಿ. ಅವರ ಮಾತು ಆಗಲೇ ಕೇಳಬೇಕಿತ್ತು. ನಾನು ಬಾಂಡೆಡ್ ಗೋದಾಮಿನ, ಅಂದರೆ ಸುಂಕ ಕಟ್ಟದೆ ಮಾಲು ಇಡುವ ಗೋದಾಮಿನ, ಹಿಂದೆ ಬಿದ್ದೆ. ಮಾಲು ಅಲ್ಲೇ ಇದ್ದರೆ ಬ್ರಿಟನ್ ಸುಂಕ ಇಲ್ಲ, ನಿಜ. ಆದರೆ ಹತ್ತು ಕಾರ್ಟನ್ ಹೊರಗೆ ತೆಗೆದರೂ ಒಂದು ಡಿಕ್ಲರೇಷನ್ ಫೀ, ಜೊತೆಗೆ ಬಾಡಿಗೆ. ಏಳು ತಿಂಗಳಲ್ಲಿ ಸುಮಾರು 2,000 ಪೌಂಡ್ ಕೈಬಿಟ್ಟಿತು.

ಬೆಲ್‌ಫಾಸ್ಟ್ ದಾರಿಯನ್ನೂ ನೋಡಿದೆ. ಉತ್ತರ ಐರ್ಲೆಂಡ್‌ನಲ್ಲಿ ಸರಕಿಗೆ ಒಕ್ಕೂಟದ ನಿಯಮವೇ ನಡೆಯುತ್ತದೆ. ಅಲ್ಲಿ ಒಕ್ಕೂಟದ ಸುಂಕ ಕಟ್ಟಿ ಇಳಿಸಿದರೆ ಡಬ್ಲಿನ್‌ಗೆ ಗಡಿಯಲ್ಲಿ ತಪಾಸಣೆ ಇಲ್ಲ. ಒಂದು ಸಣ್ಣ ಲಾಟು ಚೆನ್ನಾಗಿಯೇ ಹೋಯಿತು. ಆದರೆ ನನ್ನ ಜಾಸ್ತಿ ಗಿರಾಕಿಗಳು ಜರ್ಮನಿಯವರು. ಐರ್ಲೆಂಡ್ ಮಾತ್ರ ನೋಡಿಕೊಳ್ಳುವವರಿಗೆ ಇದು ಒಳ್ಳೆಯ ದಾರಿ, ಬೇಕಾದರೆ ಮಾಡಿ ನೋಡಿ.

ಕೊನೆಗೆ ಅತ್ತಿಗೆ ಹೇಳಿದ್ದೇ ಮಾಡಿದೆ. ಬೆಂಗಳೂರಿನಲ್ಲೇ ಲಾಟನ್ನು ಎರಡು ಮಾಡಿದೆವು. ಬ್ರಿಟನ್‌ದು ಫೆಲಿಕ್ಸ್‌ಸ್ಟೋಗೆ, ಯುರೋಪಿನದು ಚೆನ್ನೈನಿಂದ ನೇರ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿಗೆ. ಇನ್‌ವಾಯ್ಸ್ ಮೇಲೆ ಅತ್ತಿಗೆಯ ರೆಕ್ಸ್ ನಂಬರಿನ (ನೋಂದಾಯಿತ ರಫ್ತುದಾರರ ನಂಬರು) ಜೊತೆ, ಮಾಲು ಭಾರತದ್ದೇ ಎನ್ನುವ ಮೂಲದ ಹೇಳಿಕೆ ಇದ್ದುದರಿಂದ ಆಗ 9.6% ಮಾತ್ರ ಬಿತ್ತು. 6,000 ಯೂರೋ ಒಳಗಿನ ಲಾಟಿಗೆ ಆ ನಂಬರೂ ಬೇಕಿರಲಿಲ್ಲ.

ವ್ಯಾಟ್ ಉಳಿಸಿದ್ದು ನೆದರ್‌ಲ್ಯಾಂಡ್ಸ್‌ನ ಆರ್ಟಿಕಲ್ 23 ಎನ್ನುವ ವ್ಯಾಟ್ ನಿಯಮ. ನಮ್ಮ ಪರವಾಗಿ ವ್ಯಾಟ್ ಲೆಕ್ಕ ನೋಡಿಕೊಳ್ಳುವ ಅಲ್ಲಿನ ಒಬ್ಬ ಸೀಮಿತ ವ್ಯಾಟ್ ಪ್ರತಿನಿಧಿ ಬೇಕು, ಅವರ ಲೈಸೆನ್ಸ್ ಮೇಲೆ ಮಾಲು ಇಳಿಯುತ್ತದೆ. 21% ವ್ಯಾಟನ್ನು ಬಂದರಿನಲ್ಲಿ ಕೈಯಿಂದ ಕಟ್ಟಬೇಕಿಲ್ಲ. ಮಾಲು ಅಲ್ಲಿಂದ ಸೀದಾ ಕೊಲೋನ್ ಅಂಗಡಿಗೆ ಸೊನ್ನೆ ವ್ಯಾಟ್ ಬಿಲ್ಲಿನಲ್ಲಿ ಹೋಗುತ್ತದೆ. ಅವರ ವ್ಯಾಟ್ ಲೆಕ್ಕ ಅವರೇ ತೋರಿಸುತ್ತಾರೆ. ಆದರೆ ಮಾಲು ಇಳಿಯುವ ಮೊದಲೇ ಮಾರಾಟವಾಗಿರಬೇಕು. ಗೋದಾಮಿನಲ್ಲಿಟ್ಟು ಗಿರಾಕಿಗೆ ಕಾಯುವ ಹಾಗಿಲ್ಲ. ನಾಲ್ಕು ತಿಂಗಳ ಮೊದಲೇ ಆರ್ಡರ್ ಬೇಕಾಗಿದ್ದು ಇದಕ್ಕೇ.

ಮೊದಲ ಸೀಸನ್ ಮೂರೇ ಅಂಗಡಿಯವರು ಒಪ್ಪಿದರು. ಆ ಸಲ 200 ಯೂರೋ ನಷ್ಟವೂ ಆಯಿತು, ಒಂದು ಕಾರ್ಟನ್‌ನಲ್ಲಿ ಸೈಜ್ ಅದಲು ಬದಲಾಗಿತ್ತು. ಎರಡನೇ ಸೀಸನ್‌ಗೆ ಆರು. ಉಳಿದವರನ್ನು ಹೇಗೆ ಒಪ್ಪಿಸಿದೆ ಎನ್ನುವುದು ನನ್ನ ಹತ್ತಿರವೇ ಇರಲಿ, ಇದೇ ಸಾಲಿನಲ್ಲಿ ವ್ಯಾಪಾರ ಮಾಡುವವರು ಇದನ್ನು ಓದುತ್ತಾರೆ. ಪ್ರತಿನಿಧಿಯ ಫೀ ಹೇಗೆ ಇಳಿಸಿದೆ ಎನ್ನುವುದನ್ನೂ ಹೇಳುವುದಿಲ್ಲ. ಈಗ ಲಾಟಿಗೆ 300 ಯೂರೋ ಆಸುಪಾಸು ಕೊಡುತ್ತೇನೆ, ಮೊದಲು ಕೇಳಿದ್ದು ಅದರ ಎರಡರಷ್ಟು.

12,000 ಯೂರೋ ಲಾಟಿಗೆ ಈ ದಾರಿಯಲ್ಲಿ ಸುಂಕ 1,150ರ ಸುತ್ತ ಬಿತ್ತು. ಲೆಸ್ಟರ್ ಮೇಲೆ ಹೋಗಿದ್ದರೆ ಎರಡೂ ಕಡೆಯದು ಸೇರಿ 2,500 ದಾಟುತ್ತಿತ್ತು. ವ್ಯಾಟ್‌ನಲ್ಲಿ ಸಿಕ್ಕಿಕೊಳ್ಳುವ ದುಡ್ಡು ಬೇರೆ. ಮುಂದಿನ ಲಾಟಿನ ಬಟ್ಟೆ ಈಗ ಬೊಮ್ಮನಹಳ್ಳಿಯಲ್ಲಿ ಕಟಿಂಗ್ ಟೇಬಲ್ ಮೇಲಿದೆ. ಈ ಸಲ ಪ್ರತಿ ಕಾರ್ಟನ್‌ನ ಸೈಜನ್ನೂ ಅತ್ತಿಗೆಯೇ ನಿಂತು ನೋಡುತ್ತಿದ್ದಾರೆ.